ಕುಡುಗೋಲಿಗೆ ತುಕ್ಕು, ಕೈಗೆ ಗಾಯ

ರೈತನ ಮನೆಯಲ್ಲಿ ಎಷ್ಟು ಕಬ್ಬಿಣದ ಹತ್ಯಾರುಗಳಿವೆ ಎಂದು ಎಣಿಸಿ ನೋಡಿದವರು ಕಡಿಮೆ. ಕುಡುಗೋಲು ನಾಲ್ಕಾರು, ಖುರ್ಪಿ ಎರಡು ಮೂರು, ಕಬ್ಬು ಕಡಿಯುವ ಕೊಯ್ತಾ, ಕೊಡಲಿ, ಅಡಿಗೆಮನೆಯ ಈಳಿಗೆ, ಚಾಕು, ಮೇವು ಕತ್ತರಿಸುವ ಅಲಗು ಹೀಗೆ ಲೆಕ್ಕ ಬೆಳೆಯುತ್ತದೆ. ಇವುಗಳಲ್ಲಿ ಹೆಚ್ಚಿನವು ಹೊಳೆಯುವ ಸ್ಟೀಲಿನವಲ್ಲ. ಕುಲುಮೆಯಲ್ಲಿ ಕಾಸಿ, ಬಡಿದು, ನೀರು ಕುಡಿಸಿ ಮಾಡಿದ ಕಪ್ಪು ಉಕ್ಕಿನವು. ಹರಿತದಲ್ಲಿ ಇವಕ್ಕೆ ಸಾಟಿಯಿಲ್ಲ. ಆದರೆ ಒಂದೇ ಒಂದು ರಾತ್ರಿ ಒದ್ದೆಯಾಗಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅಲಗಿನ ಮೇಲೆ ಕೆಂಪು ಪುಡಿ ಕಾಣಿಸಿಕೊಳ್ಳುತ್ತದೆ.

ಕಲ್ಹೇರ್, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಭಾಗದ ನಮ್ಮ ಮನೆಗಳಲ್ಲಿ ಇದಕ್ಕೆ ಒಬ್ಬರು ತುಕ್ಕು ಎನ್ನುತ್ತಾರೆ, ಇನ್ನೊಬ್ಬರು ಜಂಗು ಎನ್ನುತ್ತಾರೆ. ಕುಡುಗೋಲು ಪಕ್ಕದ ತೆಲುಗು ಮನೆಯಲ್ಲಿ ಕೊಡವಲಿ ಆಗುತ್ತದೆ. 1956ರವರೆಗೆ ನಾರಾಯಣಖೇಡ, ಜಹೀರಾಬಾದ್ ತಾಲೂಕುಗಳು ಬೀದರ ಜಿಲ್ಲೆಯಲ್ಲೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲೂ ಇದ್ದುದರಿಂದ ಹತ್ಯಾರುಗಳ ಹೆಸರಿನಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ಎಲ್ಲವೂ ಬೆರೆತುಹೋಗಿವೆ. ಹೆಸರು ಯಾವುದಾದರೇನು, ತುಕ್ಕಿಗೆ ಭಾಷೆಯ ಭೇದವಿಲ್ಲ.

ಈ ಸಣ್ಣ ವಿಷಯಕ್ಕೆ ಒಂದು ಲೇಖನ ಬೇಕೆ ಎಂದು ಕೆಲವರು ಕೇಳಬಹುದು. ಬೇಕು ಎಂಬುದು ನಮ್ಮ ಅಭಿಪ್ರಾಯ. ಹಿಂದೆ ಊರಿನ ಕಮ್ಮಾರನು ಸುಗ್ಗಿಯಲ್ಲಿ ಆಯದ ಕಾಳು ಪಡೆದು ವರ್ಷವಿಡೀ ನಮ್ಮ ಹತ್ಯಾರುಗಳನ್ನು ನೋಡಿಕೊಳ್ಳುತ್ತಿದ್ದನು. ಮೊಂಡಾದರೆ ಹಣಿದು ಕೊಡುತ್ತಿದ್ದನು, ಸವೆದರೆ ಹೊಸ ಉಕ್ಕು ಕೂಡಿಸುತ್ತಿದ್ದನು. ಈಗ ಎಷ್ಟೋ ಊರುಗಳಲ್ಲಿ ಕುಲುಮೆ ಆರಿದೆ. ಇನ್ನೂ ತಿದಿ ಊದುವವರು ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಒಳ್ಳೆಯ ಕುಡುಗೋಲು ಮಾಡಿಕೊಡುತ್ತಾರೆ, ಆದರೆ ಅವರನ್ನು ಹುಡುಕಿಕೊಂಡು ನಾವು ಸಂತೆಗೆ ಹೋಗಬೇಕು. ಸಂತೆಯಲ್ಲಿ ರಾಶಿ ಹಾಕಿ ಮಾರುವ ಅಗ್ಗದ ತಗಡಿನ ಕುಡುಗೋಲು ಒಂದು ಸುಗ್ಗಿಗೆ ಬಂದರೆ ಹೆಚ್ಚು. ಆದ್ದರಿಂದ ಮನೆಯಲ್ಲಿರುವ ಒಳ್ಳೆಯ ಅಲಗನ್ನು ಕಾಪಾಡಿಕೊಳ್ಳುವುದು ಈಗ ಮನೆಯವರದೇ ಕೆಲಸ. ಎರಡನೆಯ ಕಾರಣ ಗಾಯ. ತುಕ್ಕು ಹಿಡಿದು ಮೊಂಡಾದ ಅಲಗಿಗೆ ಕೈ ಹೆಚ್ಚು ಬಲ ಹಾಕುತ್ತದೆ. ಹೆಚ್ಚು ಬಲ ಹಾಕಿದ ಕೈಯೇ ಜಾರುತ್ತದೆ.

ತುಕ್ಕು ಹೇಗೆ ಹುಟ್ಟುತ್ತದೆ

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಈ ಮೂರೂ ಕೂಡಿದಾಗ ತುಕ್ಕು ಹುಟ್ಟುತ್ತದೆ. ಯಾವುದಾದರೂ ಒಂದನ್ನು ದೂರವಿಟ್ಟರೆ ಅದು ಹುಟ್ಟುವುದಿಲ್ಲ. ಗಾಳಿಯನ್ನು ತಡೆಯಲು ನಮ್ಮಿಂದ ಆಗದು, ನೀರನ್ನು ತಡೆಯಬಹುದು. ಎಣ್ಣೆಯ ಪದರ ಹಚ್ಚಿದರೆ ಎರಡನ್ನೂ ತಕ್ಕಮಟ್ಟಿಗೆ ತಡೆದಂತಾಗುತ್ತದೆ. ತಾಮ್ರಕ್ಕೆ ಹಿಡಿಯುವ ಕಿಲುಬು ಒಳಗಿನ ಲೋಹವನ್ನು ಮುಚ್ಚಿಕೊಂಡು ಕೂರುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಉಬ್ಬಿ, ಹೆಕ್ಕಳೆ ಎದ್ದು, ತೇವವನ್ನು ಹೀರಿಕೊಂಡು ತನ್ನ ಕೆಳಗಿನ ಕಬ್ಬಿಣವನ್ನೂ ತಿನ್ನುತ್ತಾ ಹೋಗುತ್ತದೆ. ಒಮ್ಮೆ ಗುಳಿ ಬಿದ್ದರೆ ಆ ಗುಳಿಯಲ್ಲಿ ನೀರು ನಿಂತು ಇನ್ನಷ್ಟು ಆಳವಾಗುತ್ತದೆ.

ಉಪ್ಪು ಮತ್ತು ಹುಳಿ ಈ ಕೆಲಸವನ್ನು ಚುರುಕುಗೊಳಿಸುತ್ತವೆ. ಮಾವಿನಕಾಯಿ, ನಿಂಬೆ, ಟೊಮೆಟೊ, ಈರುಳ್ಳಿ ಹೆಚ್ಚಿದ ಈಳಿಗೆಯನ್ನು ಹಾಗೆಯೇ ಬಿಟ್ಟರೆ ಒಂದು ಗಂಟೆಯಲ್ಲೇ ಬಣ್ಣ ಬದಲಾಗುತ್ತದೆ. ಕೈಯ ಬೆವರೂ ಉಪ್ಪೇ. ಬೆವರಿದ ಬೆರಳಿನ ಗುರುತು ಅಲಗಿನ ಮೇಲೆ ತುಕ್ಕಾಗಿ ಮೂಡುವುದನ್ನು ಎಲ್ಲರೂ ಕಂಡಿದ್ದೇವೆ.

ಹಾಗಾದರೆ ಪೇಟೆಯ ಹೊಳೆಯುವ ಚಾಕು ಏಕೆ ತುಕ್ಕು ಹಿಡಿಯುವುದಿಲ್ಲ? ಅದರಲ್ಲಿ ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಹೆಚ್ಚು ಕ್ರೋಮಿಯಂ ಲೋಹ ಬೆರೆತಿರುತ್ತದೆ. ಅದು ಕಣ್ಣಿಗೆ ಕಾಣದ ತೆಳು ಪೊರೆಯಾಗಿ ಅಲಗನ್ನು ಮುಚ್ಚಿಕೊಂಡಿರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರೇರ್ಲಿ ಎಂಬುವರು 1913ರಲ್ಲಿ ಬಂದೂಕಿನ ನಳಿಗೆ ಸವೆಯದಂಥ ಉಕ್ಕನ್ನು ಹುಡುಕುತ್ತಿದ್ದಾಗ ಇಂಥ ಉಕ್ಕು ಅವರ ಕೈಗೆ ಸಿಕ್ಕಿತು. ನಮ್ಮ ಕುಲುಮೆಯ ಉಕ್ಕಿನಲ್ಲಿ ಕ್ರೋಮಿಯಂ ಇಲ್ಲ, ಇದ್ದರೂ ಪೊರೆಯಾಗುವಷ್ಟಿಲ್ಲ. ಅದರ ಶಕ್ತಿಯೆಲ್ಲ ಇಂಗಾಲದಲ್ಲಿದೆ. ಕಮಾನು ಪಟ್ಟಿಯ ಉಕ್ಕಿನಲ್ಲಿ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇಂಗಾಲವಿರುತ್ತದೆ. ಅಷ್ಟರಿಂದಲೇ ಅದು ನೀರು ಕುಡಿಸಿದಾಗ ಗಡುಸಾಗಿ ಹರಿತವನ್ನು ಹಿಡಿದು ನಿಲ್ಲುತ್ತದೆ, ಮೊಂಡಾದಾಗ ಸಾದಾ ಸಾಣೆಕಲ್ಲಿಗೆ ಸುಲಭವಾಗಿ ಬಗ್ಗುತ್ತದೆ.

ಉಕ್ಕಿನ ವಿಷಯದಲ್ಲಿ ನಮ್ಮ ಸೀಮೆ ಬಡ ಸೀಮೆಯಲ್ಲ. ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಎಂಬ ಊರಿನಲ್ಲಿ ಮಣ್ಣಿನ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕಿನ ಗಟ್ಟಿಗಳನ್ನು ಕೊಳ್ಳಲು ಇರಾನಿನ ವ್ಯಾಪಾರಿಗಳು ಬರುತ್ತಿದ್ದರು. ಭೂವಿಜ್ಞಾನಿ ಹೆನ್ರಿ ವಾಯ್ಸಿಯವರು ಅಲ್ಲಿನ ಕೆಲಸವನ್ನು ಕಣ್ಣಾರೆ ಕಂಡು ಬರೆದದ್ದು 1832ರಲ್ಲಿ ಅಚ್ಚಾಯಿತು. ಆ ಉಕ್ಕಿಗೆ ಯುರೋಪಿನವರು ಕೊಟ್ಟ ವೂಟ್ಜ್ ಎಂಬ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹೆಸರುವಾಸಿಯಾದ ಆ ಉಕ್ಕಿನ ಖಡ್ಗಗಳಿಗೂ ಎಣ್ಣೆ ಹಚ್ಚಲೇಬೇಕಾಗಿತ್ತು. ದೆಹಲಿಯ ಕಬ್ಬಿಣದ ಕಂಬ 1600 ವರ್ಷಗಳಿಂದ ಮಳೆಯಲ್ಲಿ ನಿಂತೂ ಕೆಟ್ಟಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ಕಂಬದ ಮೇಲೆ ಕಾಪಾಡುವ ಪೊರೆಯೊಂದು ಬೆಳೆದಿದೆ ಎಂದು ಕಾನ್ಪುರ ಐ.ಐ.ಟಿ.ಯ ಪ್ರೊ. ಆರ್. ಬಾಲಸುಬ್ರಮಣ್ಯಂ ಅವರು 2000ದಲ್ಲಿ ವಿವರಿಸಿದರು. ಕರ್ನಾಟಕದ ಕೊಡಚಾದ್ರಿ ಬೆಟ್ಟದ ಮೇಲೆ, ಮಲೆನಾಡಿನ ಆ ಜಡಿಮಳೆಯಲ್ಲಿ ನಿಂತಿರುವ ಕಬ್ಬಿಣದ ಕಂಬವೂ ಇಂಥದೇ ಕೌತುಕ. ಆದರೆ ರಂಜಕ ಹೆಚ್ಚಾದ ಕಬ್ಬಿಣ ಪೆಡಸು. ಕಂಬಕ್ಕೆ ಆದೀತು, ಕುಡುಗೋಲಿಗೆ ಆಗದು.

ಎರಡು ನಿಮಿಷದ ಕೆಲಸ

ಅಲಗನ್ನು ಉಳಿಸುವುದು ಕೆಲಸ ಮುಗಿದ ಮೇಲಿನ ಎರಡು ನಿಮಿಷ. ತೊಳೆಯಬೇಕು, ಒರೆಸಬೇಕು, ಎಣ್ಣೆ ಮುಟ್ಟಿಸಬೇಕು. ಇದರಲ್ಲಿ ನಡುವಿನದೇ ಮುಖ್ಯ. ತೊಳೆದು ‘ತಾನೇ ಒಣಗುತ್ತದೆ’ ಎಂದು ಬುಟ್ಟಿಗೆ ಹಾಕುವುದರಿಂದಲೇ ನಮ್ಮ ಮನೆಗಳಲ್ಲಿ ಹೆಚ್ಚಿನ ಅಲಗುಗಳು ಹಾಳಾಗುತ್ತವೆ. ಒಣ ಹತ್ತಿಬಟ್ಟೆಯಿಂದ ಎರಡೂ ಮಗ್ಗುಲು, ಬೆನ್ನು, ಹಿಡಿಯ ಬುಡ ಇಷ್ಟನ್ನೂ ಒರೆಸಿ. ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿದರೆ ಬೆರಳು ಉಳಿಯುತ್ತದೆ. ಹಲ್ಲಿನ ಕುಡುಗೋಲಿಗೆ ಬಟ್ಟೆ ಸಾಲದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲುಗಳ ಸಂದಿಯ ಹಸಿ ಸೊಪ್ಪನ್ನು ತೆಗೆಯಬೇಕು. ಆಮೇಲೆ ಸ್ವಲ್ಪ ಹೊತ್ತು ಬಿಸಿಲಿಗೆ ಅಥವಾ ಒಲೆಯ ಹತ್ತಿರದ ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಉಳಿದ ತೇವವೂ ಹೋಗುತ್ತದೆ.

ಒಲೆಯ ಹತ್ತಿರ ಎಂದೆವು, ಒಲೆಯೊಳಗೆ ಎನ್ನಲಿಲ್ಲ. ಬೇಗ ಒಣಗಲೆಂದು ಅಲಗನ್ನು ಕೆಂಡದ ಮೇಲೆ ಹಿಡಿಯುವವರಿದ್ದಾರೆ. ಕಮ್ಮಾರನು ಕೊಟ್ಟ ಹದ ಅಲ್ಲಿಗೆ ಮುಗಿಯಿತು. ಅಲಗಿನ ಮೇಲೆ ನೀಲಿ ಬಣ್ಣ ಮೂಡಿದರೆ ಶಾಖ ಸುಮಾರು 300 ಡಿಗ್ರಿ ಮುಟ್ಟಿತೆಂದೇ ಅರ್ಥ, ಆ ಭಾಗ ಮೆತ್ತಗಾಗಿರುತ್ತದೆ. ವಿದ್ಯುತ್ ಸಾಣೆಯ ಚಕ್ರಕ್ಕೆ ಒತ್ತಿ ಹಿಡಿದರೂ ಇದೇ ಗತಿ. ಸಾಣೆ ಹಿಡಿಯುವವನ ಪಕ್ಕದಲ್ಲಿ ನೀರಿನ ಡಬ್ಬಿ ಇಲ್ಲದಿದ್ದರೆ ಹತ್ಯಾರು ಕೊಡಬೇಡಿ.

ಹೊಸ ಈಳಿಗೆಯ ಅಲಗು ಕ್ರಮೇಣ ಬೂದು, ನೀಲಿ, ಕಪ್ಪು ಬಣ್ಣಕ್ಕೆ ತಿರುಗುವುದನ್ನು ಕಂಡು ಹೊಸ ಸೊಸೆಯಂದಿರು ಗಾಬರಿಯಾಗಿ ಮರಳಿನಿಂದ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಉಜ್ಜಬೇಡಿ. ಈ ಕಪ್ಪು ಪದರ ತುಕ್ಕಲ್ಲ. ಅದು ಗಟ್ಟಿಯಾಗಿ ಅಂಟಿಕೊಂಡಿದ್ದು, ಕೆಂಪು ತುಕ್ಕು ಬರುವುದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಬಟ್ಟೆಯಿಂದ ಒರೆಸಿದಾಗ ಕೆಂಪು ಪುಡಿ ಬಂದರೆ ಮಾತ್ರ ತುಕ್ಕು. ಇಂಥ ಅಲಗಿನಲ್ಲಿ ಹೆಚ್ಚಿದ ಬದನೆಕಾಯಿ, ಬಾಳೆಹೂವು ಕಪ್ಪಾಗುತ್ತವೆ. ಕಾಯಿಯ ಒಗರಿಗೂ ಕಬ್ಬಿಣಕ್ಕೂ ಆಗುವ ಮಿಲನ ಅದು, ಅದರಿಂದ ಆರೋಗ್ಯಕ್ಕೆ ಕೇಡಿಲ್ಲ. ನೋಟ ಕೆಡಬಾರದೆಂದಿದ್ದರೆ ಹೆಚ್ಚಿದ್ದನ್ನು ಕೂಡಲೇ ನೀರಿಗೆ ಹಾಕಿ.

ಯಾವ ಎಣ್ಣೆ?

ಅಡಿಗೆಮನೆಯ ಚಾಕು, ಈಳಿಗೆಗಳಿಗೆ ಕೊಬ್ಬರಿ ಎಣ್ಣೆ ಅಥವಾ ಶೇಂಗಾ ಎಣ್ಣೆ ಎರಡು ಹನಿ ಸಾಕು. ಬೆರಳಿಗೆ ಅಂಟುವಷ್ಟು ಹಚ್ಚುವುದು ದಂಡ. ಬಟ್ಟೆಯ ತುಂಡೊಂದನ್ನು ಎಣ್ಣೆಯಲ್ಲಿ ಅದ್ದಿ ಡಬ್ಬಿಯಲ್ಲಿಟ್ಟುಕೊಂಡರೆ ದಿನಾ ಒಮ್ಮೆ ಎಳೆದರಾಯಿತು. ಔಷಧಿ ಅಂಗಡಿಯಲ್ಲಿ ಮಲಬದ್ಧತೆಗೆ ಕೊಡುವ ಲಿಕ್ವಿಡ್ ಪ್ಯಾರಾಫಿನ್ ಇನ್ನೂ ಒಳ್ಳೆಯದು, ಅದು ಕಮಟಾಗುವುದಿಲ್ಲ. ನಮ್ಮ ಕಡೆಯ ಕುಸುಬೆ ಎಣ್ಣೆ ಮತ್ತು ಅಗಸೆ ಎಣ್ಣೆಯ ಗುಣ ಬೇರೆ. ಇವು ಗಾಳಿಗೆ ಒಣಗಿ ಅಂಟಾಗಿ ಕೊನೆಗೆ ವಾರ್ನಿಶಿನಂತೆ ಗಟ್ಟಿಯಾಗುತ್ತವೆ. ಅಡಿಗೆಯ ಅಲಗಿಗೆ ಇದು ಬೇಡ. ಮರದ ಹಿಡಿಗೆ ಮಾತ್ರ ಅಗಸೆ ಎಣ್ಣೆಗಿಂತ ಒಳ್ಳೆಯದು ಇನ್ನೊಂದಿಲ್ಲ, ವರ್ಷಕ್ಕೆರಡು ಸಲ ಉಜ್ಜಿದರೆ ಹಿಡಿ ಬಿರಿಯುವುದಿಲ್ಲ.

ಟ್ರ್ಯಾಕ್ಟರಿನಿಂದ ತೆಗೆದ ಸುಟ್ಟ ಎಂಜಿನ್ ಆಯಿಲನ್ನು ಕುಡುಗೋಲಿಗೂ ಮೇವಿನ ಅಲಗಿಗೂ ಬಳಿಯುವ ರೂಢಿ ಬೆಳೆದಿದೆ. ಇದು ಬಿಡಬೇಕಾದ ರೂಢಿ. ಆ ಎಣ್ಣೆಯಲ್ಲಿ ಆಮ್ಲವೂ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ವಸ್ತುಗಳೂ ಇರುತ್ತವೆ. ಅಲಗಿನ ಎಣ್ಣೆ ಮೇವಿಗೆ, ಮೇವು ಎಮ್ಮೆಗೆ, ಎಮ್ಮೆಯ ಹಾಲು ನಮ್ಮ ಮಕ್ಕಳಿಗೆ ಹೋಗುತ್ತದೆ.

ಹೊಲದಲ್ಲಿ ನೆನಪಿಡಬೇಕಾದದ್ದು

ಕಬ್ಬು ಕಡಿದ ಕೊಯ್ತಾಕ್ಕೆ ಅಂಟುವ ಹಾಲು ಒಣಗಿದಂತೆ ಕಂಡರೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹುಳಿಯಾಗುತ್ತದೆ. ಆದ್ದರಿಂದ ಅದನ್ನು ಬರೀ ಒರೆಸಿದರೆ ಸಾಲದು, ಬಿಸಿನೀರಿನಲ್ಲಿ ತೊಳೆದು ಒಣಗಿಸಬೇಕು. ಕೂಳೆ ಕಬ್ಬು ಗಿಡ್ಡಾಗುವ ರೋಗ ಒಂದು ಜಡ್ಡೆಯಿಂದ ಇನ್ನೊಂದಕ್ಕೆ ಹರಡುವುದು ಮುಖ್ಯವಾಗಿ ಇದೇ ಕೊಯ್ತಾದಿಂದ. ಶುಂಠಿ, ಬಟಾಟೆಯ ಬೀಜದ ತುಂಡು ಮಾಡುವಾಗಲೂ ಒಂದು ಕೊಳೆತ ಗಡ್ಡೆಯ ರೋಗ ಚಾಕುವಿನ ಮೂಲಕ ಹತ್ತು ಗಡ್ಡೆಗೆ ದಾಟುತ್ತದೆ. ಅದಕ್ಕಾಗಿ ಚಾಕುವನ್ನು ಆಗಾಗ ಔಷಧಿ ನೀರಿನಲ್ಲಿ ಅದ್ದಲು ಕೃಷಿ ಅಧಿಕಾರಿಗಳು ಹೇಳುತ್ತಾರೆ, ಅದು ಸರಿಯಾದ ಮಾತು. ಆದರೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿದ ಕಪ್ಪು ಉಕ್ಕಿನ ಚಾಕುವನ್ನು ಸಂಜೆ ಹಾಗೆಯೇ ಬಿಟ್ಟರೆ ಮರುದಿನ ಅದನ್ನು ಗುರುತಿಸಲಾಗದು. ದಿನದ ಕೆಲಸ ಮುಗಿದೊಡನೆ ಒಳ್ಳೆಯ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ.

ಹತ್ಯಾರುಗಳನ್ನು ಗೊಬ್ಬರದ ಚೀಲದ ಮೇಲೆ ಇಡಬೇಡಿ. ಪೊಟ್ಯಾಷ್ ಗೊಬ್ಬರವೆಂಬುದು ಉಪ್ಪಿನ ತಮ್ಮನೇ. ಯೂರಿಯಾ ತೇವ ಎಳೆಯುವುದನ್ನು ಮಳೆಗಾಲದಲ್ಲಿ ಕಟ್ಟಿಟ್ಟ ಚೀಲವನ್ನು ಮುಟ್ಟಿದವರು ಬಲ್ಲರು. ಚರ್ಮದ ಒರೆಯಲ್ಲಿ ಚಾಕು ಇಟ್ಟುಕೊಂಡು ಹೊಲಕ್ಕೆ ಹೋಗಬಹುದು, ಮನೆಗೆ ಬಂದ ಮೇಲೆ ಹೊರಗೆ ತೆಗೆದಿಡಿ. ಚರ್ಮ ತೇವವನ್ನು ಹಿಡಿದಿಡುತ್ತದೆ.

ತೊಗರಿ ಕೊಯ್ದು, ಬಿಳಿಜೋಳ ಮುಗಿಸಿ, ಮುಂದಿನ ಹೆಸರು ಉದ್ದು ಕೊಯ್ಲಿನವರೆಗೆ ಕುಡುಗೋಲು ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಅದರ ನಡುವೆ ಮುಂಗಾರು ಬರುತ್ತದೆ. ಗಾಳಿಯ ತೇವ ನೂರಕ್ಕೆ 60 ದಾಟಿತೆಂದರೆ ನೀರು ಮುಟ್ಟದಿದ್ದರೂ ಬರಿಯ ಕಬ್ಬಿಣಕ್ಕೆ ತುಕ್ಕು ಹತ್ತತೊಡಗುತ್ತದೆ. ಇಷ್ಟು ದಿನ ಇಡಬೇಕಾದಾಗ ಎರಡು ಹನಿ ಎಣ್ಣೆ ಸಾಲದು. ಅಲಗನ್ನು ಬಿಸಿಲಿಗೆ ಕಾಯಿಸಿ, ಮೇಣವನ್ನು ಒರೆಸಿದರೆ ಅದು ಕರಗಿ ತೆಳುವಾಗಿ ಹರಡುತ್ತದೆ. ಜೇನುಮೇಣ ಸಿಕ್ಕರೆ ಉತ್ತಮ, ಇಲ್ಲವಾದರೆ ಉರಿದುಳಿದ ಮೇಣದಬತ್ತಿಯ ತುಂಡೇ ಸಾಕು. ನಮ್ಮ ಮನೆಗಳಲ್ಲಿ ಅದಕ್ಕೆ ಬರವಿಲ್ಲ. ಮೇಲೆ ಎಣ್ಣೆ ಕಾಗದ ಸುತ್ತಿ ಒಣ ಗೋಡೆಗೆ ತೂಗುಹಾಕಿ. ಹಿಂದಿನವರು ಅಡಿಗೆಮನೆಯ ಹೊಗೆಯಾಡುವ ಸೂರಿನಲ್ಲಿ ಕುಡುಗೋಲು ಸಿಕ್ಕಿಸುತ್ತಿದ್ದುದು ಸುಮ್ಮನೆ ಅಲ್ಲ, ಅಲ್ಲಿ ಬೆಚ್ಚಗಿನ ಒಣ ಗಾಳಿಯಿತ್ತು. ಈಗ ಹೆಂಚು ಹುಲ್ಲು ಹೋಗಿ ತಗಡು ಬಂದಿದೆ. ತಗಡಿನ ಒಳಮೈಯಲ್ಲಿ ನಸುಕಿನಲ್ಲಿ ಹನಿ ಕಟ್ಟಿ ತೊಟ್ಟಿಕ್ಕುತ್ತದೆ, ಅದರ ನೇರ ಕೆಳಗೆ ಸಿಕ್ಕಿಸಿದರೆ ಇಟ್ಟದ್ದಕ್ಕಿಂತ ಬಿಟ್ಟದ್ದೇ ವಾಸಿ.

ಹತ್ತಿದ ತುಕ್ಕನ್ನು ತೆಗೆಯುವುದು

ಹೊಸ ತುಕ್ಕಾದರೆ ಒಣ ಬೂದಿ ಮತ್ತು ಎಣ್ಣೆ ಕಲಸಿ ತೆಂಗಿನ ನಾರಿನಿಂದ ಉಜ್ಜಿದರೆ ಹೋಗುತ್ತದೆ. ಹಳೆಯದಾದರೆ ಹುಣಸೆಹಣ್ಣಿನ ಗಟ್ಟಿ ರಸ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಹುಳಿ ತುಕ್ಕನ್ನು ಕರಗಿಸುತ್ತದೆ. ಆದರೆ ತುಕ್ಕು ಮುಗಿದ ಮೇಲೆ ಕಬ್ಬಿಣವನ್ನೂ ತಿನ್ನತೊಡಗುತ್ತದೆ, ಆದ್ದರಿಂದ ರಾತ್ರಿಯಿಡೀ ನೆನೆಹಾಕಬೇಡಿ. ಉಪ್ಪು ಸೇರಿಸಬೇಡಿ. ಕೊನೆಗೆ ಅಡಿಗೆ ಸೋಡಾದ ನೀರಿನಲ್ಲಿ ಒಮ್ಮೆ ಅದ್ದಿದರೆ ಉಳಿದ ಹುಳಿ ಸಾಯುತ್ತದೆ. ತಕ್ಷಣ ಒರೆಸಿ ಎಣ್ಣೆ ಹಚ್ಚದಿದ್ದರೆ ಹೊಸದಾಗಿ ತೊಳೆದ ಆ ಮೈಗೆ ತುಕ್ಕು ಮೊದಲಿಗಿಂತ ಬೇಗ ಬರುತ್ತದೆ.

ತಾಂಡೂರಿನ ಬಂಡೆ ಹಾಸಿದ ಮನೆಯವರಿಗೆ ಒಂದು ಮಾತು. ಈ ಕೆಲಸವನ್ನು ಆ ಬಂಡೆಯ ಮೇಲೆ ಮಾಡಬೇಡಿ. ಅದು ಸುಣ್ಣದ ಕಲ್ಲು. ಹುಣಸೆ, ನಿಂಬೆಯ ಹುಳಿ ಬಿದ್ದಲ್ಲಿ ನುಣುಪು ಹೋಗಿ ಮಚ್ಚೆ ಉಳಿಯುತ್ತದೆ. ಒದ್ದೆ ಈಳಿಗೆಯಿಂದ ಬಂಡೆಗೆ ಹತ್ತಿದ ತುಕ್ಕಿನ ಕಲೆಯನ್ನು ನಿಂಬೆಯಿಂದ ತೆಗೆಯಲು ಹೋಗಿ ಕಲೆಯ ಜೊತೆಗೆ ಕಲ್ಲನ್ನೂ ತೆಗೆದವರಿದ್ದಾರೆ!

ಹಿಡಿಯೊಳಗೆ ಹೊಕ್ಕ ಬಾಲದ ತುಕ್ಕು ಕಣ್ಣಿಗೆ ಬೀಳುವುದಿಲ್ಲ. ಹಿಡಿಯ ಬುಡದಲ್ಲಿ ಕಂದು ನೀರು ಜಿನುಗಿದರೆ ಅಥವಾ ಅಲಗು ತುಸು ಅಲುಗಿದರೆ ಕಳಚಿ ನೋಡಿ. ಬೀಸಿದಾಗ ಹಾರಿದ ಅಲಗು ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿರುವವರ ಮೈಮೇಲೆ ಬೀಳುತ್ತದೆ. ಬಾಲವನ್ನು ಉಜ್ಜಿ, ಕಾಯಿಸಿದ ಅರಗು ತುಂಬಿ ಕೂಡಿಸಿದರೆ ನೀರು ಒಳಹೋಗುವ ದಾರಿಯೇ ಮುಚ್ಚುತ್ತದೆ.

ಧನುರ್ವಾಯು ಮತ್ತು ತುಕ್ಕು

‘ತುಕ್ಕಿನ ಕಬ್ಬಿಣ ತಾಗಿತು, ಧನುರ್ವಾಯು ಬರುತ್ತದೆ’ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಇದರಲ್ಲಿ ಅರ್ಧ ನಿಜವಿದೆ, ಉಳಿದರ್ಧ ಅಪಾಯಕರ. ಧನುರ್ವಾಯು ತರುವುದು ತುಕ್ಕಲ್ಲ. ಮಣ್ಣಿನಲ್ಲಿ, ದನ ಕುದುರೆಗಳ ಸಗಣಿ ಲದ್ದಿಯಲ್ಲಿ, ಕೊಟ್ಟಿಗೆಯ ಧೂಳಿನಲ್ಲಿ ವರ್ಷಗಟ್ಟಲೆ ಬದುಕಿರುವ ರೋಗಾಣುವಿನ ಬೀಜಗಳು ಅದನ್ನು ತರುತ್ತವೆ. ಒರಟಾದ ತುಕ್ಕಿನ ಮೈಯಲ್ಲಿ ಮಣ್ಣು ಹೆಚ್ಚು ಅಂಟಿಕೊಂಡಿರುತ್ತದೆ, ತುಕ್ಕು ಹಿಡಿದ ಮೊಳೆ ಆಳವಾಗಿ ನಾಟುತ್ತದೆ, ಗಾಳಿಯಾಡದ ಆ ಆಳದಲ್ಲಿ ರೋಗಾಣು ಬೆಳೆಯುತ್ತದೆ. ಅರ್ಧ ನಿಜ ಇಷ್ಟೇ. ನಮ್ಮವರು ಇದನ್ನು ತಿರುಗಿಸಿಕೊಂಡು, ಹೊಳೆಯುವ ಕುಡುಗೋಲು ತಾಗಿದರೆ ಭಯವಿಲ್ಲ ಎಂದು ತಿಳಿದಿದ್ದಾರೆ. ಸಗಣಿ ಗೊಬ್ಬರದ ಹೊಲದಲ್ಲಿ ನಿನ್ನೆ ಕೊಂಡ ಹೊಸ ಕುಡುಗೋಲು ತಾಗಿದರೂ, ತೊಗರಿಯ ಕೂಳೆ ಕಾಲಿಗೆ ಚುಚ್ಚಿದರೂ, ಅಪಾಯ ಅಷ್ಟೇ ಇದೆ. ಅಲಗನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಮಾತ್ರಕ್ಕೆ ಈ ಬೀಜಗಳು ಸಾಯುವುದಿಲ್ಲ.

ಕುಡುಗೋಲಿನಿಂದ, ಕೈಗೆ ಸಿಕ್ಕ ಬ್ಲೇಡಿನಿಂದ ಮಗುವಿನ ಹೊಕ್ಕುಳ ಬಳ್ಳಿ ಕೊಯ್ದು ಅದಕ್ಕೆ ಬೂದಿ, ಸಗಣಿ ಮೆತ್ತುತ್ತಿದ್ದ ಕಾಲ ತೀರ ಹಿಂದಿನದಲ್ಲ. ಏಳೆಂಟು ದಿನಕ್ಕೆ ಮಗು ಮೊಲೆ ಹಿಡಿಯಲಾಗದೆ, ಸೆಟೆದು ತೀರಿಕೊಳ್ಳುತ್ತಿತ್ತು. 1988ರಲ್ಲಿ ಪ್ರಪಂಚದಾದ್ಯಂತ ಸುಮಾರು 7,87,000 ನವಜಾತ ಶಿಶುಗಳು ಹೀಗೆ ಸತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಗರ್ಭಿಣಿಯರಿಗೆ ಚುಚ್ಚುಮದ್ದು ಮತ್ತು ಆಸ್ಪತ್ರೆಯ ಹೆರಿಗೆ ಇವೆರಡರಿಂದ ಭಾರತವು 2015ರಲ್ಲಿ ತಾಯಿ ಮಕ್ಕಳ ಧನುರ್ವಾಯುವನ್ನು ಹತೋಟಿಗೆ ತಂದ ದೇಶವೆಂದು ಮಾನ್ಯತೆ ಪಡೆಯಿತು. ಆದರೆ ರೋಗಾಣು ಮಣ್ಣಿನಲ್ಲಿ ಹಾಗೆಯೇ ಇದೆ. ಮಣ್ಣಿನಲ್ಲಿ ದುಡಿಯುವ ದೊಡ್ಡವರಿಗೆ, ಅದರಲ್ಲೂ ಮಕ್ಕಳಿದ್ದಾಗ ಹಾಕಿಸಿಕೊಂಡದ್ದೋ ಇಲ್ಲವೋ ನೆನಪಿಲ್ಲದ ನಡುವಯಸ್ಸಿನ ಗಂಡಸರಿಗೆ, ಅದು ಈಗಲೂ ಬರುತ್ತದೆ.

ಗಾಯವಾದರೆ ಮೊದಲು ಹರಿಯುವ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆದು ಮಣ್ಣನ್ನು ಹೊರಹಾಕಿ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ. ಸುಣ್ಣ, ಅರಿಶಿನ, ಕಾಫಿ ಪುಡಿ, ಬೂದಿ ತುಂಬಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಈ ಹಿಂದೆ ಪೂರ್ತಿ ಲಸಿಕೆ ಆಗಿದ್ದವರು ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕು. ಗಾಯ ಆಳವಾಗಿದ್ದು ಮಣ್ಣಾಗಿದ್ದರೆ ಐದು ವರ್ಷ ದಾಟಿದ್ದರೂ ಬೇಕು. ಒಮ್ಮೆಯೂ ಹಾಕಿಸದವರಿಗೆ ಒಂದು ಸೂಜಿ ಸಾಲದು, ಮೂರು ಬೇಕು. ಅಂಥವರಿಗೆ ಗಾಯ ದೊಡ್ಡದಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದನ್ನೂ ವೈದ್ಯರು ಕೊಡುತ್ತಾರೆ. ನಾವು ಟಿ.ಟಿ. ಎನ್ನುತ್ತಿದ್ದ ಚುಚ್ಚುಮದ್ದಿನ ಜಾಗದಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಈಗ ಟಿ.ಡಿ. ಕೊಡುತ್ತಾರೆ, ಅದರಲ್ಲಿ ಗಂಟಲಮಾರಿಯ ತಡೆಯೂ ಸೇರಿದೆ. ಮಕ್ಕಳಿಗೆ 10ನೇ ಮತ್ತು 16ನೇ ವಯಸ್ಸಿನಲ್ಲಿ, ಗರ್ಭಿಣಿಯರಿಗೆ ಬಸಿರಿನ ಆರಂಭದಲ್ಲಿ ಒಂದು ಮತ್ತು ನಾಲ್ಕು ವಾರ ಬಿಟ್ಟು ಇನ್ನೊಂದು.

ರೋಗ ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ತಲೆದೋರುತ್ತದೆ. ಅಷ್ಟರಲ್ಲಿ ಗಾಯ ಮಾಯ್ದು ಮರೆತೂ ಹೋಗಿರಬಹುದು. ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಕತ್ತು ಬಿಗಿದರೆ, ನುಂಗಲು ಕಷ್ಟವಾದರೆ ದವಡೆ ನೋವೆಂದು ಮನೆಮದ್ದು ಮಾಡುತ್ತಾ ಕೂರದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ, ಇತ್ತೀಚೆಗೆ ಗಾಯವಾಗಿತ್ತೆಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಚುಚ್ಚುಮದ್ದು ಹಾಕಿಸಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದರೆ ವರ್ಷಾಂತ್ಯಕ್ಕೆ ಅದು ಒಲೆಗೆ ಹೋಗುತ್ತದೆ. ಮನೆಮಂದಿಯೆಲ್ಲರ ತಾರೀಖುಗಳನ್ನು ಒಂದು ಗಟ್ಟಿ ಹಾಳೆಯಲ್ಲಿ ಬರೆದು ಪಟ್ಟಾ ಪುಸ್ತಕದೊಳಗೆ ಇಟ್ಟುಕೊಳ್ಳಿ.